ಘಾಟಿ ರಸ್ತೆಗೆ ಯಾವ ಸ್ಪೋರ್ಟಿ ಹ್ಯಾಚ್‌ಬ್ಯಾಕ್? ಶಿವಮೊಗ್ಗದಲ್ಲಿ ಟೆಸ್ಟ್ ಡ್ರೈವ್‌ಗೆ ಹೊರಟವರಿಗೆ

ಶಿವಮೊಗ್ಗದಲ್ಲಿ ಟೆಸ್ಟ್ ಡ್ರೈವ್ ಅಂದರೆ ಸಾಮಾನ್ಯವಾಗಿ ಷೋರೂಮಿಂದ ಹೊರಟು, ಅಗಲ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಹೋಗಿ, ಯೂ ಟರ್ನ್ ಹೊಡೆದು ವಾಪಸ್ ಬರುವುದು. ಒಂದು ಸಲ ಆಕ್ಸಿಲರೇಟರ್ ಒತ್ತಿ ನೋಡುತ್ತೀರಿ. ಗಾಡಿ ಮುಂದಕ್ಕೆ ನುಗ್ಗುತ್ತದೆ, ಖುಷಿಯಾಗುತ್ತದೆ. ಪಕ್ಕದಲ್ಲಿ ಕೂತವರು ಬುಕಿಂಗ್ ಫಾರಂ ತೆಗೆಯುತ್ತಾರೆ. ಆದರೆ ನೇರ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತದೆ. ನಾವು ದಿನಾ ಓಡಾಡುವ ರಸ್ತೆ ಅದಲ್ಲವಲ್ಲ. ತೀರ್ಥಹಳ್ಳಿ ದಾಟಿದ ಮೇಲೆ, ಹೊಸನಗರ ದಾಟಿದ ಮೇಲೆ, ನಮ್ಮ ಕಾಲ ಕಳೆಯುವುದೆಲ್ಲ ಎರಡನೇ ಮತ್ತು ಮೂರನೇ ಗೇರಿನಲ್ಲಿ. ತಿರುವು, ಏರು, ಒದ್ದೆ ಟಾರು, ಎದುರಿಗೆ ಬರುವ ಬಸ್ಸು. ಮಲೆನಾಡಿನವರು ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಆರಿಸುವಾಗ ಗರಿಷ್ಠ ವೇಗವನ್ನೂ ಸೊನ್ನೆಯಿಂದ ನೂರು ಮುಟ್ಟುವ ಸಮಯವನ್ನೂ ಪಕ್ಕಕ್ಕಿಡಬೇಕು. ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ಎಂಜಿನ್ ಎಷ್ಟು ಎಳೆಯುತ್ತದೆ, ಇಳಿಯುವಾಗ ಬ್ರೇಕ್ ಎಷ್ಟು ನಂಬಿಕೆ ಕೊಡುತ್ತದೆ, ಮನೆಯ ದಣಪೆ (ಬೇಲಿಯ ಗೇಟು) ದಾಟುವಾಗ ಹೊಟ್ಟೆ ತಾಗುತ್ತದೋ ಇಲ್ಲವೋ, ಇದನ್ನೇ ನೋಡಬೇಕು.

ನಮ್ಮ ಬಜೆಟ್ಟಿಗೆ ಬರುವ ಗಾಡಿಗಳು ಹೆಚ್ಚಿಲ್ಲ.

ಹ್ಯುಂಡೈ ಐ20 ಎನ್ ಲೈನ್ ಮೊದಲು ಬಂದಿದ್ದು 2021ರಲ್ಲಿ. 998 ಸಿಸಿಯ ಮೂರು ಸಿಲಿಂಡರ್ ಟರ್ಬೊ (ಹೆಚ್ಚು ಗಾಳಿಯನ್ನು ಒತ್ತಿ ತುಂಬುವ) ಎಂಜಿನ್, 120 ಪಿಎಸ್ ಶಕ್ತಿ, 172 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. 2023ರ ಹೊಸ ರೂಪದಲ್ಲಿ 6 ಗೇರಿನ ಮ್ಯಾನುಯಲ್ ಬಂತು. 7 ಗೇರಿನ ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್, ಮೊದಲಿಂದಲೂ ಇದೆ. ಟಾಟಾ ಆಲ್ಟ್ರೋಜ್ ರೇಸರ್ 2024ರ ಜೂನ್‌ನಲ್ಲಿ ಬಂತು. ಅದರದ್ದು 1.2 ಲೀಟರ್ ಟರ್ಬೊ, ಅದೇ 120 ಪಿಎಸ್, 170 ನ್ಯೂಟನ್ ಮೀಟರ್, 6 ಗೇರಿನ ಮ್ಯಾನುಯಲ್ ಮಾತ್ರ. ಇದು ಹೊಸದಾಗಿ ಸಿಗುತ್ತದೋ ಇಲ್ಲವೋ ಅಂತ ಹೋಗುವ ಮೊದಲೇ ಫೋನ್ ಮಾಡಿ ಕೇಳಿ. ಮೂರನೆಯದು ಮಾರುತಿ ಸ್ವಿಫ್ಟ್. ಹೊರಗಿನ ದೇಶಗಳಲ್ಲಿ ಮಾರುತ್ತಿದ್ದ ಸ್ವಿಫ್ಟ್ ಸ್ಪೋರ್ಟ್ ನಮ್ಮಲ್ಲಿಗೆ ಬರಲೇ ಇಲ್ಲ. 2024ರ ಮೇನಲ್ಲಿ ಬಂದ ನಮ್ಮ ಸ್ವಿಫ್ಟ್‌ಗೆ ಟರ್ಬೊ ಇಲ್ಲ, ಶಕ್ತಿ ಸುಮಾರು 82 ಪಿಎಸ್ ಅಷ್ಟೇ. ಆದರೂ ಈ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ ಅನ್ನುವವರಿಗೆ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ ಇದೆ. 110 ಪಿಎಸ್, 175 ನ್ಯೂಟನ್ ಮೀಟರ್. ಭಾರತದಲ್ಲಿ ಪೋಲೊ ನಿಂತಿದ್ದು 2022ರಲ್ಲಿ.

2025ರಲ್ಲಿ ಬಂದ ಗಾಲ್ಫ್ ಜಿಟಿಐ ಅದ್ಭುತ ಗಾಡಿ, ನಿಜ. 50 ಲಕ್ಷ ದಾಟುತ್ತದೆ. ಅದನ್ನು ಇಲ್ಲಿಗೇ ಬಿಡೋಣ.

ಈ ಅಂಕಿಗಳಲ್ಲಿ ನೀವು ಗಮನಿಸಬೇಕಾದ್ದು ಟಾರ್ಕ್ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿಂದ ಸಿಗುತ್ತದೆ ಅನ್ನುವುದು. ಐ20 ಎನ್ ಲೈನ್‌ಗೆ ಪೂರ್ತಿ ಟಾರ್ಕ್ 1500 ಆರ್‌ಪಿಎಂನಿಂದಲೇ ಸಿಗುತ್ತದೆ. ರೇಸರ್ ಮತ್ತು ಪೋಲೊಗೆ 1750ರಿಂದ. ಸ್ವಿಫ್ಟ್‌ನ 112 ನ್ಯೂಟನ್ ಮೀಟರ್ ಸಿಗಬೇಕಾದರೆ ಎಂಜಿನ್ 4300ಕ್ಕೆ ಏರಬೇಕು. ಕಾಗದದ ಮೇಲಿನ ಈ ವ್ಯತ್ಯಾಸ ಏರಿನಲ್ಲಿ ಕಾಲಿಗೆ ಗೊತ್ತಾಗುತ್ತದೆ.

ಹೋಗುವ ಮೊದಲು ಒಂದೆರಡು ಮಾತು. ಕೊಳ್ಳಬೇಕೆಂದಿರುವ ಅದೇ ಗೇರ್‌ಬಾಕ್ಸಿನ ಗಾಡಿಯನ್ನೇ ಓಡಿಸಲು ಕೇಳಿ. ಮ್ಯಾನುಯಲ್ ಬೇಕೆಂದವರಿಗೆ ಡಿಸಿಟಿ ಓಡಿಸಿ ಕಳಿಸಿದರೆ ಏನೂ ತಿಳಿಯುವುದಿಲ್ಲ. ಡೆಮೊ ಗಾಡಿಯ ಟೈರಿನ ಗಾಳಿ ಅಲ್ಲೇ ಚೆಕ್ ಮಾಡಿಸಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಗಾಳಿ ಜಾಸ್ತಿ ಇದ್ದರೆ ಒಳ್ಳೆ ಸಸ್ಪೆನ್ಷನ್ ಕೂಡ ಕುಲುಕಾಡುತ್ತದೆ, ಗಾಡಿಯ ಮೇಲೆ ಸುಮ್ನೆ ಅಪವಾದ ಬರುತ್ತದೆ. ಲೈಸೆನ್ಸ್ ಜೇಬಿನಲ್ಲಿರಲಿ. ಡೆಮೊ ಗಾಡಿಗೆ ಇನ್ಶೂರೆನ್ಸ್ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಮುಖ್ಯವಾಗಿ, ಒಬ್ಬರೇ ಹೋಗಬೇಡಿ. ಹಿಂದೆ ಇಬ್ಬರು ಕೂತಿರಲಿ, ಅವರಲ್ಲೊಬ್ಬರು ಮನೆಯ ಹಿರಿಯರಾಗಿದ್ದರೆ ಇನ್ನೂ ಒಳ್ಳೆಯದು. ಒಬ್ಬರೇ ಕೂತ ಗಾಡಿಯ ಎಳೆತವೇ ಬೇರೆ, ನಾಲ್ಕು ಜನ ಕೂತ ಗಾಡಿಯ ಎಳೆತವೇ ಬೇರೆ.

ಎಲ್ಲಿ ಓಡಿಸುವುದು? ಆಗುಂಬೆವರೆಗೆ ಡೆಮೊ ಗಾಡಿ ಕೊಡುವವರು ಸಿಗುವುದು ಅಪರೂಪ. ಶಿವಮೊಗ್ಗದಲ್ಲೇ ಹುಡುಕಿದರೆ ಸ್ವಲ್ಪ ಮಟ್ಟಿಗೆ ಕೆಲಸ ಆಗುತ್ತದೆ. ವಿದ್ಯಾನಗರದ ಸುತ್ತು ಹಾಕಿ ಏರುವ ರೈಲ್ವೆ ಮೇಲ್ಸೇತುವೆ ಇದೆಯಲ್ಲ, ಸ್ಟಿಯರಿಂಗ್ ಅರಿಯಲು ಅದಕ್ಕಿಂತ ಒಳ್ಳೆಯ ಜಾಗ ಊರೊಳಗೆ ಇಲ್ಲ. ಒಂದೇ ಹದದಲ್ಲಿ ತಿರುಗಿಸಿ ಹಿಡಿದು, ಮಿತಿಯೊಳಗಿನ ವೇಗದಲ್ಲೇ ನಿಧಾನಕ್ಕೆ ಏರಿ. ಸ್ಟಿಯರಿಂಗನ್ನು ಮತ್ತೆಮತ್ತೆ ಸರಿಪಡಿಸಬೇಕಾಗುತ್ತದೋ, ಹಿಡಿದಲ್ಲೇ ನಿಲ್ಲುತ್ತದೋ ನೋಡಿ. ಆಮೇಲೆ ತೀರ್ಥಹಳ್ಳಿ ರಸ್ತೆ ಹಿಡಿಯಿರಿ. ಗಾಜನೂರು, ಸಕ್ರೆಬೈಲು ಕಡೆ ಹೋದಂತೆ ತುಂಗೆಯ ಹಿನ್ನೀರು ಪಕ್ಕಕ್ಕೆ ಬರುತ್ತದೆ, ಮರಗಳ ನೆರಳು ಶುರುವಾಗುತ್ತದೆ, ರಸ್ತೆ ಬಳುಕುತ್ತದೆ. ಶಿವಮೊಗ್ಗದ ಷೋರೂಮಿಂದ ಸಿಗುವ ಹತ್ತಿರದ ಮಲೆನಾಡು ಇದೇ. ನೀವು ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರಾದರೆ ಗಾಡಿಯನ್ನು ಮನೆಗೇ ತರಿಸಿ. ಮನೆ ಬಾಗಿಲಿಗೆ ಟೆಸ್ಟ್ ಡ್ರೈವ್ ಕೊಡುವ ಪದ್ಧತಿ ಎಲ್ಲ ಕಂಪನಿಗಳಲ್ಲೂ ಇದೆ. ಗಟ್ಟಿಯಾಗಿ ಕೇಳಬೇಕು ಅಷ್ಟೇ.

ಈಗ ಏರಿನ ಮಾತು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದಿಂದ ಮೇಲೆ ಬರುವಾಗ ಒಂದು ತಿರುವಿನಲ್ಲಿ ಏನಾಗುತ್ತದೆ ನೋಡಿ. ತಿರುವಿಗೆ ಹತ್ತಿರವಾದಾಗ ವೇಗ ಹದಿನೈದಕ್ಕೆ ಇಳಿದಿರುತ್ತದೆ. ಗೇರು ಎರಡು. ಎಂಜಿನ್ 1300, 1400 ಆರ್‌ಪಿಎಂನಲ್ಲಿ ಗೊಣಗುತ್ತಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿದೆ, ಒಳಗಿನ ಚಕ್ರ ಕಡಿದಾದ ಭಾಗದ ಮೇಲಿದೆ. ಆಗ ಆಕ್ಸಿಲರೇಟರ್ ಒತ್ತುತ್ತೀರಿ. ಟರ್ಬೊ ಗಾಡಿ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಎಳೆಯುತ್ತದೆ. ಆ ಒಂದು ಕ್ಷಣ ಎಷ್ಟು ಉದ್ದ ಅನ್ನುವುದರ ಮೇಲೆ ಗಾಡಿಯ ಆಯ್ಕೆ ನಿಂತಿದೆ. ಐ20 ಎನ್ ಲೈನ್‌ನಲ್ಲಿ ಅದು ಚಿಕ್ಕದು. ರೇಸರ್‌ನಲ್ಲಿ ಸ್ವಲ್ಪ ಉದ್ದ, ಎಳೆತ ಕೂಡ ಮೆಲ್ಲಗೆ ತುಂಬುತ್ತದೆ. ಪೋಲೊ ಕೂಡ ಕೆಳಗೆ ಸ್ವಲ್ಪ ಸೋಮಾರಿ, ಆದರೆ 2000 ದಾಟಿದ ಮೇಲೆ ಅದರ ಓಟವೇ ಬೇರೆ. ಸ್ವಿಫ್ಟ್‌ನಲ್ಲಿ ಟರ್ಬೊಗೆ ಕಾಯುವ ಮಾತೇ ಇಲ್ಲ, ಒತ್ತಿದಷ್ಟು ತಕ್ಷಣ ಕೊಡುತ್ತದೆ. ಆದರೆ ಕೊಡುವುದೇ ಕಡಿಮೆ. ತುಂಬಿದ ಗಾಡಿಯಾದರೆ ಒಂದನೇ ಗೇರಿಗೆ ಬರಬೇಕಾಗುತ್ತದೆ. 2021ರಿಂದ 2024ರವರೆಗಿನ ಸ್ವಿಫ್ಟ್‌ನ ನಾಲ್ಕು ಸಿಲಿಂಡರ್ ಎಂಜಿನ್ 90 ಪಿಎಸ್‌ನದ್ದು, ಮೇಲೆ ಏರಿದಂತೆ ಹೆಚ್ಚು ನಯವಾಗಿ ಓಡುತ್ತಿತ್ತು. ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಕೊಳ್ಳುವವರು ಅದನ್ನೂ ಓಡಿಸಿ ನೋಡಲೇಬೇಕು.

ಇದನ್ನು ಪರೀಕ್ಷಿಸಲು ಘಾಟಿಯೇ ಬೇಕೆಂದಿಲ್ಲ. ಹಿಂದೆ ಯಾವ ಗಾಡಿಯೂ ಇಲ್ಲದ ಸಣ್ಣ ಏರಿನಲ್ಲಿ ಎರಡನೇ ಗೇರಿನಲ್ಲೇ ವೇಗವನ್ನು ಹದಿನೈದಕ್ಕೆ ಇಳಿಸಿ. ಗೇರ್ ಬದಲಿಸದೆ ಆಕ್ಸಿಲರೇಟರನ್ನು ಅರ್ಧ ಒತ್ತಿ. ಕುಲುಕದೆ ಎತ್ತಿಕೊಂಡರೆ ಆ ಗಾಡಿ ಘಾಟಿಗೆ ಆಗುತ್ತದೆ. ಇನ್ನೊಂದು, ಏರಿನಲ್ಲಿ ಪೂರ್ತಿ ನಿಲ್ಲಿಸಿ ಮತ್ತೆ ಹೊರಡುವುದು. ಘಾಟಿಯಲ್ಲಿ ಮೇಲೇರುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ನಿಯಮ. ಆದರೆ ಎದುರಿಗೆ ಬಸ್ಸು ತಿರುವಿನಲ್ಲಿ ಪೂರ್ತಿ ರಸ್ತೆ ತುಂಬಿಕೊಂಡು ಬಂದರೆ ನಿಯಮ ಹೇಳುತ್ತಾ ಕೂರಲಾಗುವುದಿಲ್ಲ, ನಿಲ್ಲಲೇಬೇಕು. ಆಗ ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ) ಎಷ್ಟು ಹೊತ್ತು ಹಿಡಿಯುತ್ತದೆ, ಕ್ಲಚ್ ಎಲ್ಲಿ ಕಚ್ಚುತ್ತದೆ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಗಿರಕಿ ಹೊಡೆಯುತ್ತದೋ, ಇವೆಲ್ಲ ಮುಖ್ಯವಾಗುತ್ತವೆ. ಟರ್ಬೊ ಗಾಡಿಗಳಲ್ಲಿ ಎಳೆತ ಒಮ್ಮೆಲೇ ಬರುವುದರಿಂದ ಮಳೆಯಲ್ಲಿ ಗಿರಕಿ ಸ್ವಲ್ಪ ಜಾಸ್ತಿ. ಇಎಸ್‌ಸಿ (ಗಾಡಿ ಜಾರಿದಾಗ ತಾನೇ ಹಿಡಿತಕ್ಕೆ ತರುವ ವ್ಯವಸ್ಥೆ) ಇರುವ ವೇರಿಯಂಟ್ ಬಿಟ್ಟು ಬೇರೇನೂ ತೆಗೆದುಕೊಳ್ಳಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಳಿಯುವುದು ಏರುವುದಕ್ಕಿಂತ ಕಷ್ಟ. ಸ್ಪೋರ್ಟಿ ಗಾಡಿ ಹುಡುಕುವವರು ಹೆಚ್ಚಾಗಿ ಇದನ್ನೇ ಮರೆಯುತ್ತಾರೆ. ಹುಲಿಕಲ್ ಘಾಟಿಯನ್ನು ಸಿದ್ದಾಪುರದ ಕಡೆ ಇಳಿಯುವಾಗ ಬ್ರೇಕಿಗೆ ಪುರುಸೊತ್ತೇ ಇರುವುದಿಲ್ಲ. ಈ ಗಾಡಿಗಳ ಎಂಜಿನ್ ಚಿಕ್ಕದು. ಹಳೆಯ ದೊಡ್ಡ ಡೀಸೆಲ್ ಎಂಜಿನ್ ಎರಡನೇ ಗೇರಿನಲ್ಲಿ ಹಿಡಿದು ನಿಲ್ಲಿಸಿದಷ್ಟು ಒಂದು ಲೀಟರ್ ಪೆಟ್ರೋಲ್ ಎಂಜಿನ್ ಹಿಡಿಯುವುದಿಲ್ಲ. ಉಳಿದ ಕೆಲಸವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಐ20 ಎನ್ ಲೈನ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ರೇಸರ್, ಸ್ವಿಫ್ಟ್, ಪೋಲೊ ಮೂರಕ್ಕೂ ಹಿಂದೆ ಡ್ರಮ್. ಡ್ರಮ್ ಕೆಟ್ಟದ್ದು ಅಂತಲ್ಲ, ದಿನದ ಓಡಾಟಕ್ಕೆ ಸಾಕು. ಆದರೆ ನಾಲ್ಕು ಜನ, ಡಿಕ್ಕಿ ತುಂಬ ಲಗೇಜು, ಉದ್ದದ ಇಳಿಜಾರು ಅಂದಾಗ ಡಿಸ್ಕ್ ಬಿಸಿಯನ್ನು ಬೇಗ ಹೊರಹಾಕುತ್ತದೆ. ಸ್ವಿಫ್ಟ್‌ಗೆ ಇಲ್ಲಿ ಒಂದು ಅನುಕೂಲ ಇದೆ, ಅದರ ತೂಕ ಸುಮಾರು 920 ಕಿಲೊ ಅಷ್ಟೇ. ನಿಲ್ಲಿಸಬೇಕಾದ ಭಾರವೇ ಕಡಿಮೆ. ತಿರುವಿನಿಂದ ತಿರುವಿಗೆ ಅದು ಚುರುಕಾಗಿ ಹೊರಳುವುದೂ ಇದೇ ಕಾರಣಕ್ಕೆ. ಶಕ್ತಿ ಕಡಿಮೆ ಇದ್ದರೂ ಅದನ್ನು ಪಟ್ಟಿಯಲ್ಲಿ ಇಟ್ಟಿದ್ದು ಅದಕ್ಕೇ.

ಬ್ರೇಕ್ ಪರೀಕ್ಷಿಸುವಾಗ ಪಕ್ಕದವರಿಗೆ ಮೊದಲೇ ಹೇಳಿ. ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಅರವತ್ತರಿಂದ ಗಟ್ಟಿಯಾಗಿ ಒತ್ತಿ. ಸ್ಟಿಯರಿಂಗ್ ಎಳೆಯಬಾರದು. ಪೆಡಲ್ ಮೊದಲ ಅರ್ಧ ಇಂಚಿನಲ್ಲೇ ಕಚ್ಚಬೇಕು, ಆದರೆ ಒಮ್ಮೆಲೇ ಕಚ್ಚಬಾರದು.

ಗೇರ್‌ಬಾಕ್ಸ್ ವಿಷಯಕ್ಕೆ ಬಂದರೆ ನನ್ನ ಮತ ಮ್ಯಾನುಯಲ್ ಕಡೆಗೆ. ಐ20ಯ ಮ್ಯಾನುಯಲ್ ಹಗುರ, ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳುತ್ತದೆ. ರೇಸರ್‌ನದ್ದು ಸ್ವಲ್ಪ ಗಡುಸು, ಅವಸರ ಮಾಡಿದರೆ ತಡೆಯುತ್ತದೆ. ಡಿಸಿಟಿ ಬೇಕು ಅನ್ನುವವರಿಗೆ ಒಂದು ವಿಷಯ ಗೊತ್ತಿರಬೇಕು. ಐ20ಯ ಡಿಸಿಟಿ ಒಣ ಕ್ಲಚ್‌ನದ್ದು. ರಜೆಯ ದಿನ ಘಾಟಿಯಲ್ಲಿ ಸಾಲುಗಟ್ಟಿ, ಏರಿನಲ್ಲಿ ಇಂಚು ಇಂಚು ತೆವಳುವಾಗ ಕ್ಲಚ್ ಅರ್ಧಂಬರ್ಧ ಉಜ್ಜುತ್ತಾ ಬಿಸಿಯಾಗುತ್ತದೆ. ಆಗ ಗಾಡಿಯನ್ನು ಆಕ್ಸಿಲರೇಟರ್ ಮೇಲೆ ಹಿಡಿದು ನಿಲ್ಲಿಸಬಾರದು. ಬ್ರೇಕ್ ಹಿಡಿದು ಕಾಯಬೇಕು. ಮುಂದೆ ಒಂದು ಗಾಡಿಯಷ್ಟು ಜಾಗ ಆದ ಮೇಲೆ ಹೊರಡಬೇಕು. ಇಳಿಯುವಾಗ ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಎರಡಕ್ಕೆ ತಂದು ಹಿಡಿಯಬಹುದು, ಅದು ಅನುಕೂಲ. ಸ್ವಿಫ್ಟ್‌ನ ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸಿನ ಗೇರನ್ನು ತಾನೇ ಬದಲಿಸುವ ಆಟೊಮ್ಯಾಟಿಕ್) ಊರೊಳಗೆ ಸುಖ. ಹೇರ್‌ಪಿನ್ ಮಧ್ಯದಲ್ಲಿ ಯಾವ ಗೇರು ಅಂತ ಅದು ಯೋಚಿಸುತ್ತಾ ನಿಂತರೆ ಮೈ ಬಿಸಿಯಾಗುತ್ತದೆ. ಎಎಂಟಿಯಲ್ಲಿ ಘಾಟಿ ಹತ್ತುವವರು ಮ್ಯಾನುಯಲ್ ಮೋಡಿಗೆ ಹಾಕಿಕೊಂಡೇ ಹತ್ತಬೇಕು. 2021ರಿಂದ 2023ರವರೆಗಿನ ಸೆಕೆಂಡ್ ಹ್ಯಾಂಡ್ ಐ20 ಎನ್ ಲೈನ್ ನೋಡುತ್ತಿದ್ದರೆ ಅದರಲ್ಲಿ ಐಎಂಟಿ ಸಿಗಬಹುದು. ಗೇರು ಕೈಯಲ್ಲಿ ಹಾಕಬೇಕು, ಕ್ಲಚ್ ಪೆಡಲ್ ಮಾತ್ರ ಇರುವುದಿಲ್ಲ. ಅದನ್ನು ಏರಿನಲ್ಲಿ ರಿವರ್ಸ್ ತೆಗೆದು ನೋಡದೆ ಕೊಳ್ಳಬೇಡಿ. ನಮ್ಮ ಕಡೆ ಎದುರು ಗಾಡಿ ಬಂದರೆ ರಿವರ್ಸ್ ಹೋಗುವುದು ದಿನದ ಕೆಲಸ ಅಲ್ವಾ.

ಇನ್ನು ಮನೆಯ ದಾರಿ. ಡಾಂಬರು ರಸ್ತೆಯಿಂದ ಕೆಳಗಿಳಿದು, ತೋಟದ ಪಕ್ಕದ ಕಚ್ಚಾ ದಾರಿಯಲ್ಲಿ ಮನೆ ಸೇರುವವರು ಇದನ್ನು ಎರಡು ಸಲ ಓದಿ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ತಳದ ಎತ್ತರ, ಐ20ಗೆ 170 ಮಿಲಿಮೀಟರ್, ರೇಸರ್‌ಗೆ 165, ಸ್ವಿಫ್ಟ್‌ಗೆ 163. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಒಂದು ಚೀಲ ಅಕ್ಕಿ ಇಟ್ಟರೆ ಇದರಲ್ಲೂ ಕಡಿಮೆಯಾಗುತ್ತದೆ. ದಣಪೆ ದಾಟಿದ ತಕ್ಷಣ ನೀರು ಹರಿಯಲೆಂದು ಅಡ್ಡ ತೆಗೆದ ಕಾಲುವೆ ಇರುತ್ತದೆ, ಅಲ್ಲಿ ಮುಂದಿನ ಬಂಪರ್ ಮೂತಿ ತಾಗುತ್ತದೆ. ದಾರಿ ಮಧ್ಯದ ಹುಲ್ಲು ದಿಬ್ಬ ಹೊಟ್ಟೆಗೆ ಉಜ್ಜುತ್ತದೆ. ಮಳೆಗಾಲ ಮುಗಿದ ಮೇಲೆ ಟ್ರ್ಯಾಕ್ಟರ್ ಚಕ್ರ ತುಳಿದ ಗುಂಡಿ ಗಟ್ಟಿಯಾಗಿ ಕೂತಿರುತ್ತದೆ, ಆಗ ಮಧ್ಯದ ದಿಬ್ಬ ಇನ್ನೂ ಎತ್ತರ. ಡೆಮೊ ಗಾಡಿಯನ್ನು ಮನೆಗೆ ತರಿಸಿ ಅಂದಿದ್ದು ಇದಕ್ಕೇ. ಜನರನ್ನು ಕೂರಿಸಿಕೊಂಡು ಒಂದು ಸಲ ಒಳಗೆ ಬಂದು ಹೊರಗೆ ಹೋಗಿ. ತಳ ತಾಗಿದ ಸದ್ದು ಬಂದರೆ ಅಲ್ಲಿಗೆ ಉತ್ತರ ಸಿಕ್ಕಿತು.

ತಾಗುತ್ತದೆ, ಆದರೂ ಟರ್ಬೊ ಬೇಕು ಅನ್ನುವವರಿಗೆ ಮಾರುತಿ ಫ್ರಾಂಕ್ಸ್ 1.0 ಬೂಸ್ಟರ್‌ಜೆಟ್ ಇದೆ. ಬಲೆನೊದ ತಳಹದಿಯ ಮೇಲೆಯೇ ಕಟ್ಟಿದ್ದು, 190 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್, 100 ಪಿಎಸ್. ಅದರ 6 ಗೇರಿನ ಆಟೊಮ್ಯಾಟಿಕ್ ಟಾರ್ಕ್ ಕನ್ವರ್ಟರ್ ಮಾದರಿಯದ್ದು, ಕ್ಲಚ್ ಬದಲು ಎಣ್ಣೆಯ ಮೂಲಕ ಎಳೆತ ದಾಟಿಸುತ್ತದೆ. ತೆವಳುವ ಏರಿನಲ್ಲಿ ಒಣ ಕ್ಲಚ್ಚಿನ ಡಿಸಿಟಿಗಿಂತ ನಿಶ್ಚಿಂತೆ. ತಿರುವಿನ ಮಜಾ ಐ20ಯಷ್ಟಿಲ್ಲ.

ಟೈರನ್ನೂ ನೋಡಿ. ಐ20 ಎನ್ ಲೈನ್‌ದು 195/55 ಆರ್16. 55 ಅಂದರೆ ಟೈರಿನ ಪಕ್ಕದ ಗೋಡೆ ಗಿಡ್ಡ. ತಿರುವಿನಲ್ಲಿ ಹಿಡಿತ ಚೆನ್ನ, ಗುಂಡಿಯಲ್ಲಿ ಏಟು ಜಾಸ್ತಿ. ಸ್ವಿಫ್ಟ್‌ನ ಮೇಲಿನ ವೇರಿಯಂಟಿನಲ್ಲಿ 185/65 ಆರ್15, ರಬ್ಬರ್ ಗೋಡೆ ಎತ್ತರ. ನಮ್ಮ ರಸ್ತೆಗಳಲ್ಲಿ ಟಾರು ಮುಗಿದು ಮಣ್ಣು ಶುರುವಾಗುವ ಅಂಚು ಅರ್ಧ ಅಡಿ ಕೆಳಗಿರುತ್ತದೆ. ಬಸ್ಸಿಗೆ ದಾರಿ ಬಿಡಲು ಎಡಗಡೆ ಚಕ್ರ ಇಳಿಸಿ ಮತ್ತೆ ಹತ್ತಿಸುವಾಗ ಆ ಅಂಚು ಗಿಡ್ಡ ಟೈರಿನ ಪಕ್ಕವನ್ನು ಕೊಯ್ಯುತ್ತದೆ. ಪಕ್ಕ ಹರಿದ ಟೈರಿಗೆ ಪಂಕ್ಚರ್ ಕಿಟ್ ಉಪಯೋಗಕ್ಕೆ ಬರುವುದಿಲ್ಲ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಇದೆಯಾ, ಯಾವ ಅಳತೆಯದ್ದು ಅಂತ ಕಣ್ಣಾರೆ ನೋಡಿ.

ಸಾಧ್ಯವಾದರೆ ಮಳೆಯ ದಿನವೇ ಟೆಸ್ಟ್ ಡ್ರೈವ್ ಇಟ್ಟುಕೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಆರಿದ ರಸ್ತೆಯ ಪರೀಕ್ಷೆ ನಮಗೆ ಅರ್ಧ ಪರೀಕ್ಷೆ. ಗಾಜಿನ ಮಂಜು ಎಷ್ಟು ಬೇಗ ಕರಗುತ್ತದೆ, ವೈಪರ್ ಬಲಗಡೆ ಎಷ್ಟು ಜಾಗ ಬಿಡುತ್ತದೆ, ಮರದ ನೆರಳಲ್ಲಿ ಪಾಚಿ ಕಟ್ಟಿದ ಕಡೆ ಗಾಡಿ ಹೇಗೆ ವರ್ತಿಸುತ್ತದೆ, ಎಲ್ಲ ಒಟ್ಟಿಗೆ ಗೊತ್ತಾಗುತ್ತದೆ. ಹೆಡ್‌ಲೈಟ್ ನೋಡಲು ಕತ್ತಲಾದ ಮೇಲೆ ಇನ್ನೊಂದು ಸುತ್ತು ಹೋಗಿ. ಬಿಳಿ ಎಲ್‌ಇಡಿ ಬೆಳಕು ಷೋರೂಮಿನಲ್ಲಿ ಚಂದ, ದಟ್ಟ ಮಂಜಿನಲ್ಲಿ ಕಣ್ಣಿಗೇ ವಾಪಸ್ ಹೊಡೆಯುತ್ತದೆ.

ಹಿಂದೆ ಕೂತವರನ್ನು ಕೇಳಿದಿರಾ? ಎನ್ ಲೈನ್‌ನ ಸಸ್ಪೆನ್ಷನ್ ಮಾಮೂಲಿ ಐ20ಗಿಂತ ಬಿಗಿ. ರೇಸರ್ ಈ ವಿಷಯದಲ್ಲಿ ಮುಂದಿದೆ, ಗುಂಡಿಗಳನ್ನು ಚೆನ್ನಾಗಿ ನುಂಗುತ್ತದೆ, ಹಿಂದಿನ ಬಾಗಿಲು ಅಗಲಕ್ಕೆ ತೆರೆಯುವುದರಿಂದ ವಯಸ್ಸಾದವರಿಗೆ ಹತ್ತಿ ಇಳಿಯುವುದು ಸುಲಭ. ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಸುರಕ್ಷತೆಯಲ್ಲೂ ಆಲ್ಟ್ರೋಜ್‌ಗೆ ಹೆಸರಿದೆ. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಕಾರು ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್ ಪಡೆದಿತ್ತು. ಎರಡು ಏರ್‌ಬ್ಯಾಗಿನ ಐ20ಗೆ 2022ರಲ್ಲಿ 3 ಸ್ಟಾರ್ ಬಂದಿತ್ತು. ಈಗಿನ ಎನ್ ಲೈನ್‌ಗೆ ಆರು ಏರ್‌ಬ್ಯಾಗ್ ಕೊಡುತ್ತಾರೆ.

ದುಡ್ಡಿನ ಲೆಕ್ಕದಲ್ಲಿ ಒಂದೇ ವಿಷಯ ಹೇಳುತ್ತೇನೆ. ಕರ್ನಾಟಕದಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ರಸ್ತೆ ತೆರಿಗೆ 14 ಶೇಕಡ, ಅದು ದಾಟಿದರೆ 17. ಮೇಲೆ ಸೆಸ್ ಬೇರೆ. 9.9 ಲಕ್ಷದ ಗಾಡಿಗೆ ಸುಮಾರು 1.39 ಲಕ್ಷ ತೆರಿಗೆ, 10.1 ಲಕ್ಷದ ಗಾಡಿಗೆ ಸುಮಾರು 1.72 ಲಕ್ಷ. ಇಪ್ಪತ್ತು ಸಾವಿರದ ಸನ್‌ರೂಫ್ ಆಸೆಗೆ ಮೂವತ್ತ್ಮೂರು ಸಾವಿರ ತೆರಿಗೆ ಹೆಚ್ಚು ಬೀಳಬಹುದು. ವೇರಿಯಂಟ್ ಆರಿಸುವಾಗ ಈ ಗೆರೆ ಎಲ್ಲಿದೆ ಅಂತ ನೋಡಿಕೊಳ್ಳಿ. ಸ್ವಿಫ್ಟ್ ಪೂರ್ತಿ ಈ ಗೆರೆಯ ಒಳಗೇ ಇದೆ.

ಪೋಲೊ ಮನಸ್ಸಿನಲ್ಲಿದ್ದವರಿಗೆ ಎರಡು ಮಾತು. ತಿರುವಿನಲ್ಲಿ ಅದು ಕೊಡುವ ಗಟ್ಟಿತನ ಈ ಪಟ್ಟಿಯ ಬೇರೆ ಯಾವುದರಲ್ಲೂ ಇಲ್ಲ. ಆದರೆ ಗಾಡಿಗೆ ವಯಸ್ಸಾಗುತ್ತಿದೆ. ಸರ್ವಿಸ್ ದಾಖಲೆ ಪೂರ್ತಿ ಇರುವುದನ್ನೇ ನೋಡಿ. ಕೆಟ್ಟರೆ ಒಂದು ವಾರ ಕಾಯುವ ತಾಳ್ಮೆಯೂ, ಮನೆಯಲ್ಲಿ ಇನ್ನೊಂದು ಗಾಡಿಯೂ ಇದ್ದವರಿಗೆ ಮಾತ್ರ ಅದು.

ವಾರಕ್ಕೊಮ್ಮೆಯಾದರೂ ಘಾಟಿ ಹತ್ತಿಳಿಯುವವರು, ಮನೆಯವರೆಗೆ ಟಾರು ಇರುವವರು, ಓಡಿಸುವುದನ್ನೇ ಇಷ್ಟಪಡುವವರು ಐ20 ಎನ್ ಲೈನ್ ಮ್ಯಾನುಯಲ್ ತೆಗೆದುಕೊಳ್ಳಲಿ. ಕಡಿಮೆ ಆರ್‌ಪಿಎಂನ ಎಳೆತಕ್ಕೂ ನಾಲ್ಕು ಡಿಸ್ಕ್‌ಗೂ ನಾನು ಮೊದಲ ಜಾಗ ಕೊಡುತ್ತೇನೆ. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಓಡಾಡುವುದಾದರೆ, ರೇಸರ್ ಸಿಕ್ಕರೆ ರೇಸರ್. ಒಬ್ಬರೋ ಇಬ್ಬರೋ ದಿನಾ ಶಿವಮೊಗ್ಗಕ್ಕೆ ಕೆಲಸಕ್ಕೆ ಬಂದು ಹೋಗುವುದಾದರೆ, ಪೆಟ್ರೋಲ್ ಲೆಕ್ಕ ಹಾಕಬೇಕಾದರೆ, ಸ್ವಿಫ್ಟ್ ಮ್ಯಾನುಯಲ್ ಸಾಕು. ಅದನ್ನು ಗೇರು ಇಳಿಸಿ, ಮೇಲೆ ಏರಿಸಿ ಓಡಿಸಲು ಕಲಿತರೆ ಮಂಡಗದ್ದೆಯ ತಿರುವುಗಳಲ್ಲಿ ಯಾವ ಟರ್ಬೊಗೂ ಕಡಿಮೆ ಖುಷಿ ಕೊಡುವುದಿಲ್ಲ. ತೋಟದ ದಾರಿಯಲ್ಲಿ ತಳ ತಾಗಿದವರು ಫ್ರಾಂಕ್ಸ್ ಓಡಿಸಿ ನೋಡಿ. ಎರಡು ಗಾಡಿಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಎರಡನ್ನೂ ಒಂದೇ ದಿನ, ಅದೇ ರಸ್ತೆಯಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಇನ್ನೊಮ್ಮೆ ಓಡಿಸಿ. ಬುಕಿಂಗ್ ಹಣ ಅಲ್ಲಿಯವರೆಗೆ ಕೊಡಬೇಡಿ.